ಮದ್ದಿನ ತಕ್ಕಡಿಗೆ ಇಟ್ಟ ಗಂಧದ ಬೊಟ್ಟು

ಆ ವರ್ಷದ ಆಯುಧಪೂಜೆಯ ದಿನ ನಾನು ಮಾಡಿದ ಕೆಲಸಗಳು ಇವು. ಐದೂವರೆಗೆ ಎದ್ದು ಹೀಟಿಂಗ್ ಹಾಕಿದೆ. ಬಾಗಿಲ ಹೊರಗಿದ್ದ ಹಾಲಿನ ಬಾಟಲಿಗಳನ್ನು ಒಳಗೆ ತಂದೆ. ಗಂಧ ತೇದೆ. ಹೊಲಿಗೆ ಮೆಷಿನ್ನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ವ್ಯಾಕ್ಯೂಮ್ ಕ್ಲೀನರು, ಎರಡು ಚಾಕು, ಈಳಿಗೆಮಣೆ, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಗಂಧ ಕುಂಕುಮ ಇಟ್ಟೆ. ಕಾರಿನ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟೆ. ನಮ್ಮ ಮನೆಯವರು ಪೈಜಾಮದ ಮೇಲೇ ಕೋಟು ಹಾಕಿಕೊಂಡು ಬಂದು ಕಾರನ್ನು ಒಂದು ಗಜ ಮುಂದಕ್ಕೆ ತಂದು ಮತ್ತೆ ಹಿಂದಕ್ಕೆ ಬಿಟ್ಟರು. ಚಪ್ಪಟೆಯಾದ ಹಣ್ಣುಗಳನ್ನು ಎತ್ತಿ ಕಸದ ಚೀಲಕ್ಕೆ ಹಾಕಿ ಡ್ರೈವ್‌ವೇಗೆ ಒಂದು ಬಕೆಟ್ ನೀರು ಸುರಿದೆ. ಬಸ್ಸು ಹಿಡಿದು ಲೈಬ್ರರಿಗೆ ಹೋಗಿ ಅರ್ಧ ದಿನ ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತಿದೆ. ಬರುವಾಗ ಹೈ ಸ್ಟ್ರೀಟಿನಲ್ಲಿ ಕೊತ್ತಂಬರಿ ಸೊಪ್ಪು, ಬಲ್ಬು, ಅವರ ಬಿಪಿ ಮಾತ್ರೆ ತಂದೆ. ಊಟವಾದ ಮೇಲೆ ಮಹಡಿಗೆ ಹೋಗಿ ಮದ್ದಿನ ಕೋಣೆಯ ಪೂಜೆ ಮಾಡಿದೆ.

ಮದ್ದಿನ ಕೋಣೆ ಎಂದರೆ ಔಷಧದ್ದಲ್ಲ, ಕೋವಿ ಮದ್ದಿನದು. ಲಂಡನ್ನಿನ ಹೌನ್ಸ್ಲೋದ ನಮ್ಮ ಮನೆಯಲ್ಲಿ ಮೆಟ್ಟಿಲ ತಲೆಯ ಮೇಲೆ ಒಂದು ಪುಟ್ಟ ಕೋಣೆ ಇದೆ. ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದಷ್ಟು ಪುಟ್ಟದು. ತೊಂಬತ್ತರ ದಶಕದ ಶುರುವಿನಿಂದಲೂ ನಮ್ಮ ಮನೆಯವರು ಅಲ್ಲಿ ತೋಟೆ ತುಂಬುತ್ತಿದ್ದರು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟೆಗಳನ್ನು ಬಿಸಾಡದೆ ಮನೆಗೆ ತಂದು, ತೊಳೆದು, ಪ್ರೆಸ್ಸು ಎಂಬ ಒತ್ತುಯಂತ್ರಕ್ಕೆ ಕೊಟ್ಟು ಮೊದಲಿನ ಆಕಾರಕ್ಕೆ ತಂದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತುವುದು. ಆಮೇಲೆ ಭಾನುವಾರ ಸರ್ರೆಯ ಕಡೆಯ ರೇಂಜಿಗೆ ಹೋಗಿ ಕಾಗದದ ಗುರಿಗೆ ಹಾರಿಸಿ, ಮತ್ತೆ ಖಾಲಿ ತೋಟೆ ಚೀಲದಲ್ಲಿ ತುಂಬಿಕೊಂಡು ಬರುವುದು. ಇದಕ್ಕೆ ಪೊಲೀಸರ ಸರ್ಟಿಫಿಕೇಟು ಇರಬೇಕು. ಅವರಿಗಿತ್ತು.

ಅವರು ಕೊಡಗಿನವರು. ಕೋವಿ ಅವರ ಮನೆಯಲ್ಲಿ ಕೊಡೆಯ ಪಕ್ಕದಲ್ಲಿ ನೇತಾಡುವ ಸಾಮಾನು. ಹನ್ನೆರಡನೇ ವಯಸ್ಸಿನಿಂದ ತೋಟೆ ತುಂಬುತ್ತಿದ್ದರಂತೆ. ನಾನು ಮೈಸೂರಿನವಳು, ನಮ್ಮ ಮನೆಯಲ್ಲಿ ಆಯುಧಪೂಜೆಗೆ ಇಡುವ ಅತಿ ದೊಡ್ಡ ಆಯುಧ ತೆಂಗಿನಕಾಯಿ ಒಡೆಯುವ ಕತ್ತಿ. ಮದುವೆ ಗೊತ್ತಾದಾಗ ನಮ್ಮ ಸೋದರತ್ತೆ, 'ಹುಡುಗ ಲಂಡನ್ನಿನ ಆಸ್ಪತ್ರೆ ಲ್ಯಾಬಲ್ಲಿದಾನೆ ಅಂತೀರಿ, ಕೋವಿ ಹಿಡೀತಾನೆ ಅಂತೀರಿ. ಅಲ್ಲಿ ಪೇಷಂಟುಗಳನ್ನ ಏನು ಮಾಡ್ತಾನಂತೆ?' ಎಂದಿದ್ದರು. ಅದನ್ನು ನಮ್ಮ ಮನೆಯವರಿಗೆ ಹೇಳಿದಾಗ ನಕ್ಕು, 'ರಕ್ತ ತೆಗೀತೀನಿ ಅಂತ ಹೇಳು,' ಎಂದರು.

ಮೊದಲ ವರ್ಷ ಅವರು ಆ ತೋಟೆಗಳನ್ನು ಸೋಪಿನ ನೀರಲ್ಲಿ ತೊಳೆಯುತ್ತಿದ್ದುದನ್ನು ನೋಡಿ ನನಗೆ ತಡೆಯಲಿಲ್ಲ. ಹಿತ್ತಾಳೆಯನ್ನು ಯಾರಾದರೂ ಸೋಪಲ್ಲಿ ತೊಳೆಯುತ್ತಾರೆಯೇ? ಒಂದು ಹಿಡಿ ತೋಟೆಯನ್ನು ಹುಣಸೆಹಣ್ಣು ಕಿವುಚಿದ ನೀರಿಗೆ ಹಾಕಿ, ದೇವರ ದೀಪ ಬೆಳಗಿದ ಹಾಗೆ ಬೆಳಗಿ, ಟೀ ಟವೆಲ್ ಮೇಲೆ ಸಾಲಾಗಿ ಒಣಗಿಸಿಟ್ಟೆ. ಅವರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಹೊರಗೆ ನೋಡಿದರು. 'ಹುಳಿ ಒಳಗಡೆ ಉಳಿದ್ರೆ ಲೋಹ ತಿನ್ನತ್ತೆ. ಮೂರು ಸಲ ತೊಳೀಬೇಕು,' ಎಂದರು. ಆವತ್ತಿನಿಂದ ತಿಂಗಳಿಗೊಮ್ಮೆ ತೋಟೆ ಬೆಳಗುವ ಕೆಲಸ ನನ್ನದಾಯಿತು. ರೇಂಜಿನಲ್ಲಿ ಅವರ ತೋಟೆಗಳೇ ಎಲ್ಲರಿಗಿಂತ ಹೊಳೆಯುತ್ತಿದ್ದವಂತೆ. ಯಾವ ಪೌಡರು ಹಾಕುತ್ತೀ ಎಂದು ಅವರಿವರು ಕೇಳಿದರೆ, ಮನೆಯಲ್ಲಿ ಸಾರಿಗೆ ಹಾಕುವ ಪದಾರ್ಥ ಎನ್ನುತ್ತಿದ್ದರಂತೆ. ಯಾರೂ ನಂಬುತ್ತಿರಲಿಲ್ಲ.

ಪಿಸ್ತೂಲುಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕು ಎಂಬ ಕಾನೂನು ಬಂದ ವರ್ಷ ಅವರು ತಮ್ಮದನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ಕ್ಯೂ ನಿಂತು ಕೊಟ್ಟು ಬಂದರು. ಬಂದವರು ಟವೆಲನ್ನು ನನ್ನ ಕೈಗೆ ಕೊಟ್ಟು, 'ಒಗೆಯೋಕೆ ಹಾಕು,' ಎಂದರು. ಆಮೇಲೆ ಅದೇ ತೋಟೆಗಳನ್ನು ಹಾಕಿ ಹಾರಿಸಬಹುದಾದ, ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆಯುವ ರೈಫಲ್ಲೊಂದನ್ನು ತೆಗೆದುಕೊಂಡರು. ಹಾಗಾಗಿ ಪ್ರೆಸ್ಸು, ತಕ್ಕಡಿ, ಮೇಜು ಎಲ್ಲ ಅಲ್ಲಲ್ಲೇ ಉಳಿದವು.

ಅರವತ್ತಕ್ಕೆ ರಿಟೈರಾದರು. ಜೊತೆಯಲ್ಲಿ ನಿವೃತ್ತರಾದ ಒಬ್ಬರು ಕೌನ್ಸಿಲ್ಲಿನ ತುಂಡು ಜಮೀನು ಹಿಡಿದು ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿ ಬೆಳೆದರು, ಇನ್ನೊಬ್ಬರು ಹಡಗಿನಲ್ಲಿ ಪ್ರವಾಸ ಹೋದರು, ಮತ್ತೊಬ್ಬರು ಆರು ತಿಂಗಳಿಗೆ ತೀರಿಕೊಂಡರು. ನಮ್ಮ ಮನೆಯವರಿಗೆ ಕೋಣೆಯಿತ್ತು. ಲ್ಯಾಬಿಗೆ ಹೊರಡುತ್ತಿದ್ದ ಹಾಗೆಯೇ ಸ್ನಾನ ಮಾಡಿ, ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹತ್ತು ಗಂಟೆಗೆ ಮೆಟ್ಟಿಲು ಹತ್ತುವರು. ಹನ್ನೆರಡೂವರೆಗೆ ಇಳಿಯುವರು. ಮೇಲಿರುವಷ್ಟು ಹೊತ್ತು ರೇಡಿಯೋ ಇಲ್ಲ, ಟೀ ಇಲ್ಲ, ಮಾತಿಲ್ಲ. ಐವತ್ತು ಕುಳಿಗಳಿರುವ ಮರದ ಹಲಗೆಯಲ್ಲಿ ಐವತ್ತು ತೋಟೆ ನಿಲ್ಲಿಸಿ, ಒಂದೊಂದಕ್ಕೂ ತಕ್ಕಡಿಯಲ್ಲಿ ತೂಗಿ ಮದ್ದು ಹಾಕಿ, ಐವತ್ತೂ ಮುಗಿದ ಮೇಲೆ ಟಾರ್ಚು ಬಿಟ್ಟು ಒಂದೊಂದರ ಒಳಗೂ ಇಣುಕಿ ನೋಡಿ, ಎಲ್ಲದರಲ್ಲೂ ಒಂದೇ ಮಟ್ಟಕ್ಕಿದೆ ಎಂದು ಖಾತ್ರಿಯಾದ ಮೇಲೆಯೇ ಗುಂಡು ಒತ್ತುವರು. ನಿಜ ಹೇಳಬೇಕೆಂದರೆ ಅವರಿಗೆ ಹಾರಿಸುವುದರಲ್ಲಿ ಅಷ್ಟು ಆಸೆಯಿರಲಿಲ್ಲ. ಮತ್ತೆ ತುಂಬಲು ಖಾಲಿ ತೋಟೆ ಬೇಕಲ್ಲ ಎಂದು ಹಾರಿಸುತ್ತಿದ್ದರು.

'ಕೈಗೆ ಕೆಲಸ ಇರ್ಬೇಕು ಕಣೇ,' ಎನ್ನುವರು. 'ಇಲ್ದಿದ್ರೆ ಕೂತಲ್ಲೇ ಬೂಸ್ಟು ಹಿಡಿಯತ್ತೆ.'

'ಕೈಗೆ ಕೆಲಸ ಬೇಕಿದ್ರೆ ಅಡಿಗೆಮನೇಲಿ ಬೇಕಾದಷ್ಟಿದೆ,' ಎನ್ನುವೆ.

'ಅದು ನಿನ್ನ ಲ್ಯಾಬು. ನಾನು ಕಾಲಿಡಲ್ಲ.'

ಹೀಗೆ ಆರು ವರ್ಷ ನಡೆಯಿತು.

ಆಯುಧಪೂಜೆಗೆ ಪ್ರತಿ ವರ್ಷ ಅವರು ಜೊತೆಗಿದ್ದು ಇಲ್ಲಿಡು, ಅಲ್ಲಿ ಬೇಡ ಎಂದು ಹೇಳುವರು. ರೈಫಲ್ಲನ್ನು ಉಕ್ಕಿನ ಪೆಟ್ಟಿಗೆಯಿಂದ ಅವರೇ ತೆಗೆದು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತಿರುವರು. ಆ ಪೆಟ್ಟಿಗೆಯ ಕೀಲಿ ಎಲ್ಲಿದೆಯೆಂದು ಸರ್ಟಿಫಿಕೇಟು ಇರುವವರಿಗೆ ಮಾತ್ರ ಗೊತ್ತಿರಬೇಕು. ಹೆಂಡತಿಗೂ ಹೇಳಕೂಡದು ಎಂಬುದು ಕಾನೂನು. ಅವರು ಕೀಲಿ ತೆಗೆಯುವಾಗ ನಾನು ಕೆಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಆ ವರ್ಷ ಮಾತ್ರ ಊಟವಾದ ಮೇಲೆ ಅವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ. ಒಬ್ಬಳೇ ಮೇಲೆ ಹೋಗಿ ಪೆಟ್ಟಿಗೆಯ ಬಾಗಿಲಿಗೆ, ಪ್ರೆಸ್ಸಿನ ಹಿಡಿಗೆ, ಮೇಜಿನ ನಾಲ್ಕು ಮೂಲೆಗೆ ಗಂಧ ಕುಂಕುಮ ಇಟ್ಟೆ. ತಕ್ಕಡಿಯ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದೆ. ಮದ್ದು ಬೀಳುವ ಜಾಗಕ್ಕೆ ಬೇಡವೆಂದು ಅದರ ಪುಟ್ಟ ತಟ್ಟೆಯನ್ನು ಎತ್ತಿ ತಳಕ್ಕೆ ಗಂಧದ ಬೊಟ್ಟು ಇಟ್ಟು, ಅದರ ಮೇಲೆ ಕುಂಕುಮ ಹಚ್ಚಿ, ಮತ್ತೆ ಅದರ ಜಾಗದಲ್ಲೇ ಇಟ್ಟು ಬಟ್ಟೆ ಹೊದಿಸಿದೆ. ಹೊಲಿಗೆ ಮೆಷಿನ್ನಿಗೆ ಇಟ್ಟ ಹಾಗೆಯೇ ಇಟ್ಟೆ. ಅದು ಕೂದಲಿನ ತೂಕಕ್ಕೂ ಅಲುಗುವ ವಸ್ತು ಎಂಬುದು ಹೊಳೆಯಲಿಲ್ಲ.

ಮುಂದಿನ ವಾರ ಅವರು ಎಂದಿನಂತೆ ಹತ್ತು ಗಂಟೆಗೆ ಮೇಲೆ ಹೋಗಿ ಕೂತರು. ನಾಲ್ಕು ದಿನದಲ್ಲಿ ನೂರು ತೋಟೆ ತುಂಬಿದರು. ಭಾನುವಾರ ರೇಂಜಿಗೆ ಹೋದರು.

ಕರೆದುಕೊಂಡು ಹೋಗುತ್ತಿದ್ದುದು ಎರಡು ಬೀದಿ ಆಚೆಯ ಒಬ್ಬ ಇಂಗ್ಲಿಷಿನವನು. ರಿಟೈರಾದ ಬಸ್ ಡ್ರೈವರು, ನಮ್ಮವರಿಗಿಂತ ಎರಡು ವರ್ಷ ದೊಡ್ಡವನು. ಸಾಮಾನ್ಯವಾಗಿ ನಾಲ್ಕಕ್ಕೆ ಬಿಟ್ಟು ಹೋಗುವವನು ಆವತ್ತು ಹನ್ನೆರಡಕ್ಕೇ ಬಂದ. ನಾನು ಬಾಗಿಲು ತೆರೆದಾಗ ನಮ್ಮವರು ನನ್ನ ಮುಖ ನೋಡದೆ ಶೂ ಬಿಚ್ಚಿ ಮೆಟ್ಟಿಲು ಹತ್ತಿದರು. ಅವರ ಬಲಗೆನ್ನೆಯ ಮೇಲೆ ಮಸಿ ಹಿಡಿದ ಹಾಗೆ ಕಪ್ಪಗಿತ್ತು.

'ಆಲ್ ರೈಟ್, ಲವ್?' ಎಂದ ಅವನು, ಏನೋ ಸರಿಯಿಲ್ಲದಾಗ ಹೇಳುವ ದನಿಯಲ್ಲಿ. ಅಡಿಗೆಮನೆಯಲ್ಲಿ ಕೂತು ಟೀ ಕುಡಿಯುತ್ತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ತೋಟೆ ಹಾರಿಸಿದಾಗ ಸದ್ದು ಬೇರೆ ಥರ ಬಂತು. ಎಲ್ಲರೂ ತಿರುಗಿ ನೋಡಿದರು. ರೈಫಲ್ಲಿನ ಹಿಡಿ ಕಚ್ಚಿಕೊಂಡಿತ್ತು. ರೇಂಜಿನ ಮೇಲ್ವಿಚಾರಕ ಎಲ್ಲರ ಗುಂಡು ನಿಲ್ಲಿಸಿ ಬಂದು, ಎಳೆದು ತೆರೆದರೆ ತೋಟೆ ಉಬ್ಬಿ ಸೀಳಿತ್ತು. ಮದ್ದು ಅತಿಯಾಗಿತ್ತು. ಇನ್ನೊಂದು ಸ್ವಲ್ಪ ಹಗುರ ರೈಫಲ್ಲಾಗಿದ್ದರೆ, ಎಂದು ಹೇಳಿ ನಿಲ್ಲಿಸಿ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ.

'ಇವರು ಏನಂದ್ರು?' ಎಂದು ಕೇಳಿದೆ.

'ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ತನ್ನ ಕೈ ನೋಡಿಕೊಂಡು ಕೂತಿದ್ದ.' ಬಿಸ್ಕತ್ತು ಮುಗಿಸಿ, 'ಇತ್ತೀಚೆಗೆ ಅವನು ಚೆನ್ನಾಗಿದ್ದಾನಾ?' ಎಂದ.

ಚೆನ್ನಾಗಿದ್ದಾರೆ ಎಂದೆ. ಮೂರು ತಿಂಗಳ ಹಿಂದೆ ಕಾರನ್ನು ಸೂಪರ್‌ಮಾರ್ಕೆಟ್ಟಿನಲ್ಲೇ ಬಿಟ್ಟು ಎರಡು ಚೀಲ ಹೊತ್ತು ನಡೆದು ಬಂದಿದ್ದರು. ಬೇಸಿಗೆಯಲ್ಲಿ ಒಮ್ಮೆ ಪೆಟ್ಟಿಗೆಯ ಕೀಲಿ ಎಲ್ಲಿಟ್ಟೆನೆಂದು ಎರಡು ದಿನ ಹುಡುಕಿದ್ದರು; ನಾನು ಸಹಾಯ ಮಾಡುವ ಹಾಗಿರಲಿಲ್ಲ, ಕೆಳಗೆ ಕೂತು ಮೇಲೆ ಡ್ರಾಯರುಗಳು ಸರಿಯುವ ಸದ್ದು ಕೇಳಿಸಿಕೊಂಡಿದ್ದೆ. ಅದು ಯಾವುದನ್ನೂ ಅವನಿಗೆ ಹೇಳಲಿಲ್ಲ. ಇನ್ನೊಂದು ಟೀ ಬೇಕಾ ಎಂದೆ. ಬೇಡವೆಂದ.

ಸಂಜೆ ನಮ್ಮವರು ಕೆಳಗೆ ಬಂದು ಟಿವಿಯ ಮುಂದೆ ಕೂತರು. 'ಇನ್ನು ಸಾಕು,' ಎಂದರು.

'ಏನು ಸಾಕು?'

'ತುಂಬೋದು. ತಕ್ಕಡಿ ನೋಡ್ತಾ ನೋಡ್ತಾ ತಪ್ಪಾಗಿದೆ ಅಂದ್ರೆ ತಲೆ ಹೋಗಿದೆ ಅಂತ. ಮೂವತ್ತು ವರ್ಷ ಲ್ಯಾಬಲ್ಲಿ ತೂಗಿದೀನಿ. ಒಂದು ದಿನ ಹೀಗಾಗಿಲ್ಲ.'

ಅದನ್ನು ಹವಾಮಾನ ಹೇಳುವವರ ಹಾಗೆ ಹೇಳಿದರು. ನಾನು 'ಹೂಂ' ಎಂದು ಪಾತ್ರೆ ತೊಳೆಯಲು ಹೋದೆ. ಕುಕ್ಕರಿನ ಮುಚ್ಚಳ ತೊಳೆಯುತ್ತಿದ್ದಾಗ ತಕ್ಕಡಿ ಎಂಬ ಮಾತು ತಲೆಯಲ್ಲಿ ನಿಂತಿತು. ತಟ್ಟೆಯ ತಳದ ಬೊಟ್ಟು ನೆನಪಾಯಿತು. ನಮ್ಮ ಮನೆಯಲ್ಲಿ ಪೂಜೆಯ ಬೊಟ್ಟನ್ನು ಒರೆಸುವುದಿಲ್ಲ. ತಾನಾಗಿ ಒಣಗಿ ಉದುರಬೇಕು. ಕೈ ಒರೆಸಿಕೊಂಡು ಹೋಗಿ ಹೇಳಬಹುದಿತ್ತು. ಇನ್ನೂ ಮೂರು ಪಾತ್ರೆಗಳಿದ್ದವು, ಅವನ್ನು ತೊಳೆದೆ. ಆಮೇಲೆ ಸಿಂಕ್ ಉಜ್ಜಿದೆ. ಆಮೇಲೆ ಹೇಳಲಿಲ್ಲ.

ಏಕೆ ಹೇಳಲಿಲ್ಲ ಎಂದು ಈಗ ಕೇಳಿಕೊಂಡರೆ, ದೊಡ್ಡ ಕಾರಣವೇನೂ ಸಿಗುವುದಿಲ್ಲ. ತುಂಬುವುದು ನಿಂತರೆ ನಿಲ್ಲಲಿ ಅನ್ನಿಸಿರಬೇಕು. ಕಾರು, ಕೀಲಿ ನನ್ನ ಮನಸ್ಸಿನಲ್ಲಿದ್ದವು. ಹೊಲಿಗೆ ಮೆಷಿನ್ನನ್ನು ಮೇಲಿನ ಕೋಣೆಯ ಕಿಟಕಿಯ ಬಳಿ ಹಾಕಿದರೆ ಬೆಳಕು ಚೆನ್ನಾಗಿ ಬೀಳುತ್ತದೆ ಎಂದೂ ಯೋಚಿಸಿದ್ದೆ. ಅದನ್ನೂ ಬರೆದಿಡಬೇಕು.

ಸೋಮವಾರ ಅವರು ಒಂಬತ್ತೂವರೆಗೆ ಎದ್ದರು. ಕ್ಷೌರ ಮಾಡಿಕೊಳ್ಳಲಿಲ್ಲ. ನಾನು ಲೈಬ್ರರಿಯಿಂದ ಬಂದಾಗ ಅದೇ ಪೈಜಾಮದಲ್ಲಿ ಮೆಟ್ಟಿಲ ಮೇಲೆ, ಕೆಳಗಿನಿಂದ ಐದನೆಯದರಲ್ಲಿ ಕೂತಿದ್ದರು. 'ಯಾಕೆ ಇಲ್ಲಿ ಕೂತಿದೀರಿ?' ಎಂದರೆ, 'ಮೇಲೆ ಹೋಗೋಣ ಅಂತ ಹೊರಟೆ,' ಎಂದರು. ಮಂಗಳವಾರ ಸದ್ದು ತೆಗೆದು ಟಿವಿಯಲ್ಲಿ ಕುದುರೆ ರೇಸು ನೋಡುತ್ತಿದ್ದರು. ಅವರಿಗೆ ಕುದುರೆ ಎಂದರೆ ಆಗುವುದಿಲ್ಲ. ತಿಂಡಿಯ ತಟ್ಟೆ ಮಧ್ಯಾಹ್ನದವರೆಗೂ ಸೋಫಾದ ಕೈ ಮೇಲೇ ಇತ್ತು.

ಮಗಳು ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿದ್ದಳು. ಸಂಜೆ ಫೋನ್ ಮಾಡಿದಾಗ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

'ಥ್ಯಾಂಕ್ ಗಾಡ್,' ಎಂದಳು. 'ಮಮ್, ಇಟ್ಸ್ ಗನ್‌ಪೌಡರ್. ಇನ್ ದ ಬಾಕ್ಸ್ ರೂಮ್.'

'ಅವರು ಕ್ಷೌರ ಮಾಡ್ಕೊಂಡಿಲ್ಲ ಕಣೇ.'

'ಸೋ? ಹೀ ಈಸ್ ರಿಟೈರ್ಡ್.'

'ಎರಡು ದಿನದಿಂದ ಮಾಡ್ಕೊಂಡಿಲ್ಲ.'

ಅತ್ತ ಕಡೆ ಕೀಬೋರ್ಡಿನ ಸದ್ದು ನಿಂತಿತು. 'ಓ,' ಎಂದಳು. ಆಮೇಲೆ, 'ಇಸ್ಪೀಟಿನ ಬ್ರಿಜ್ ಕ್ಲಬ್ಬಿಗೆ ಸೇರಿಸಿದರೆ?' ಎಂಬರ್ಥದ್ದೇನೋ ಹೇಳಿದಳು. ನೋಡೋಣ ಎಂದೆ.

ಬುಧವಾರ ನನಗೆ ರಜೆ. ಹತ್ತು ಗಂಟೆಗೆ ಮದ್ದಿನ ಕೋಣೆಯ ಬಾಗಿಲು ಮುಚ್ಚೇ ಇತ್ತು. ಅವರು ಹಾಸಿಗೆಯಲ್ಲಿ ಸೂರು ನೋಡುತ್ತ ಮಲಗಿದ್ದರು. ಹೀಥ್ರೂಗೆ ಇಳಿಯುವ ವಿಮಾನಗಳು ಒಂದಾದ ಮೇಲೊಂದು ಮನೆಯ ಮೇಲೆ ಹೋಗುತ್ತಿದ್ದವು. ಈ ಮನುಷ್ಯನಿಗೆ ಆ ಕೋಣೆ ಹೋದರೆ ಹಾಸಿಗೆ ಬಿಟ್ಟು ಏಳುವುದಕ್ಕೆ ಇನ್ನೊಂದು ಕಾರಣ ಇಡೀ ಲಂಡನ್ನಿನಲ್ಲಿಲ್ಲ ಎಂಬುದು ಹೊಸ ವಿಷಯವಲ್ಲ. ಆದರೆ ಆಗ ಕಣ್ಣಿಗೆ ಕಂಡಿತು.

'ರೀ, ಒಂದು ಮಾತು ಹೇಳ್ಬೇಕು,' ಎಂದೆ. 'ತಪ್ಪು ನಿಮ್ಮದಲ್ಲ. ಪೂಜೆ ದಿನ ನಿಮ್ಮ ತಕ್ಕಡಿ ತಟ್ಟೆಗೆ ನಾನು ಬೊಟ್ಟು ಇಟ್ಟಿದ್ದೆ. ತಳಕ್ಕೆ.'

ಅವರು ತಲೆ ತಿರುಗಿಸಿದರು. 'ಏನಿಟ್ಟಿದ್ದೆ?'

'ಗಂಧ. ಮೇಲೆ ಕುಂಕುಮ.'

'ತಕ್ಕಡಿಗೆ?'

'ಮಿಕ್ಸಿಗೂ ಇಟ್ಟೆ.'

'ಮಿಕ್ಸಿಯಲ್ಲಿ ನಾನು ಮದ್ದು ತೂಗ್ತೀನೇನೇ?' ಎಂದು ಎದ್ದು ಕೂತರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಗಾಳಿಯಲ್ಲಿ ಬೆರಳಾಡಿಸಿ ಲೆಕ್ಕ ಹಾಕಿದರು. 'ಬೊಟ್ಟಿನಿಂದ ತಟ್ಟೆ ಭಾರ ಆದ್ರೆ ಮದ್ದು ಕಡಿಮೆ ಬೀಳ್ಬೇಕು. ಇಲ್ಲಿ ಜಾಸ್ತಿ ಬಿದ್ದಿದೆ.'

'ಮಧ್ಯದಲ್ಲಿ ಒಣಗಿ ಉದುರಿದ್ರೆ?'

ಬೆರಳು ನಿಂತಿತು. 'ಬೊಟ್ಟಿರುವಾಗ ತಕ್ಕಡಿ ಸಮ ಮಾಡಿ, ಆಮೇಲೆ ಬೊಟ್ಟು ಉದುರಿದ್ರೆ... ಹಾಂ. ಆಗ ಜಾಸ್ತಿ ಬೀಳತ್ತೆ.' ನನ್ನ ಕಡೆ ನೋಡಿದರು. ಆ ಮುಖವನ್ನು ನಾನು ನಾಲ್ಕು ದಿನದಿಂದ ನೋಡಿರಲಿಲ್ಲ. 'ಎಷ್ಟು ಜಾಸ್ತಿ ಅನ್ನೋದು ಪ್ರಶ್ನೆ. ನಡಿ. ಗಂಧ ತೇಯಿ.'

ಸ್ನಾನ ಮಾಡಿದರು. ಕ್ಷೌರ ಮಾಡಿಕೊಂಡರು, ಗಲ್ಲದಲ್ಲಿ ಒಂದು ಕಡೆ ಕೊಯ್ದುಕೊಂಡರು. ಇಸ್ತ್ರಿಯ ಶರ್ಟು ಕೇಳಿದರು. ನಾನು ಗಂಧದ ಕೊರಡು, ಸಾಣೇಕಲ್ಲು ಹಿಡಿದು ಮೇಲೆ ಹೋದೆ. ತಟ್ಟೆಯನ್ನು ಎತ್ತಿ ನೋಡಿದರೆ ತಳದಲ್ಲಿ ಬೊಟ್ಟಿನ ಅಂಚು ಮಾತ್ರ ಉಳಿದಿತ್ತು, ಚಂದ್ರನ ಗೆರೆಯ ಹಾಗೆ. ನಡುಭಾಗ ಉದುರಿ ತಕ್ಕಡಿಯ ಕೆಳಗೆ ಪುಡಿಯಾಗಿ ಬಿದ್ದಿತ್ತು. 'ನೋಡಿದ್ರಾ?' ಎಂದೆ. ಅವರು 'ನೋಡ್ದೆ ನೋಡ್ದೆ' ಎಂದು ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತಕ್ಕಡಿ ಸಮ ಮಾಡಿದರು.

'ಆವತ್ತು ಇಟ್ಟಷ್ಟೇ ಇಡು. ಜಾಸ್ತಿ ಬೇಡ, ಕಡಿಮೆ ಬೇಡ.'

ಉಂಗುರದ ಬೆರಳಲ್ಲಿ ಇಟ್ಟೆ. ತೂಗಿದರು. ಹೇರ್ ಡ್ರೈಯರ್ ತರಿಸಿ ಒಣಗಿಸಿದರು, ಮತ್ತೆ ತೂಗಿದರು. ಉಗುರಿನಿಂದ ಕೆರೆದು ಮತ್ತೆ ತೂಗಿದರು. ಮೂರು ಸಲ ಹೀಗೆ ಮಾಡಿಸಿದರು. ನಾನು ಲೈಬ್ರರಿಯಿಂದ ತಂದ ರದ್ದಿ ಕಾರ್ಡುಗಳ ಹಿಂದೆ ಅಂಕಿ ಬರೆದುಕೊಂಡೆ. ಲ್ಯಾಬಿನಲ್ಲಿ ಅವರು ಹೀಗೇ ಇದ್ದಿರಬೇಕು ಎಂದುಕೊಂಡೆ. ಅಷ್ಟು ವರ್ಷದಲ್ಲಿ ಅವರು ಕೆಲಸ ಮಾಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದು ಆವತ್ತೇ.

ಮೂರನೆಯ ಸಲದ ಅಂಕಿ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಇಷ್ಟೇ,' ಎಂದರು. 'ಒಂದು ತೋಟೆಗೆ ಹಾಕೋ ಮದ್ದಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇಷ್ಟಕ್ಕೆ ಗುರಿ ಅರ್ಧ ಇಂಚು ಆಚೀಚೆ ಹೋಗ್ಬಹುದು. ಹಿತ್ತಾಳೆ ಸೀಳಲ್ಲ.'

'ಆವತ್ತು ದಪ್ಪ ಇಟ್ಟಿದ್ದೆನೋ ಏನೋ,' ಎಂದೆ.

'ಇಟ್ಟಿದ್ಯಾ?'

ನಾನು ಯೋಚಿಸಿದೆ. 'ಇಲ್ಲ,' ಎಂದೆ.

ಒಂದು ವಿಮಾನ ಮನೆಯ ಮೇಲೆ ಹೋಯಿತು. 'ಉಳಿದಿರೋದನ್ನ ಬಿಚ್ಚೋಣ,' ಎಂದರು.

ಆವತ್ತು ಹಾರಿಸದೆ ವಾಪಸ್ಸು ತಂದ ತೋಟೆಗಳು ಎಪ್ಪತ್ತೊಂಬತ್ತು. ಅವನ್ನು ಬೀಗದ ಡಬ್ಬಿಯಿಂದ ತೆಗೆಯುವಾಗ ನಾನು ಎಂದಿನಂತೆ ಕೆಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಕರೆದಾಗ ಬಂದೆ. ತುಂಬಿದ ತೋಟೆಯಿಂದ ಗುಂಡನ್ನು ಹಿಂದಕ್ಕೆ ತೆಗೆಯಲು ಅವರ ಬಳಿ ಪ್ಲಾಸ್ಟಿಕ್ಕಿನ ಒಂದು ಸುತ್ತಿಗೆಯಿತ್ತು. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡೂ ಮದ್ದೂ ಸುತ್ತಿಗೆಯೊಳಗೇ ಉದುರುತ್ತವೆ. ಬಡಿದು, ಮದ್ದನ್ನು ತಟ್ಟೆಗೆ ಸುರಿದು, ತೂಗಿ, ಅಂಕಿ ಹೇಳುವರು. ನಾನು ಬರೆಯುವೆ. ಮೊದಲನೆಯದು ಸರಿ. ಎರಡನೆಯದು ಸರಿ. ಬೊಟ್ಟಿನಷ್ಟು ಹೆಚ್ಚು ಕಡಿಮೆ ಇತ್ತು, ಅಷ್ಟೇ. ಹತ್ತು ಹನ್ನೊಂದರ ಹೊತ್ತಿಗೆ ಕೈಗೆ ಒಂದು ಲಯ ಬಂತು. ಬಡಿ, ಸುರಿ, ತೂಗು, ಬರೆ. ಇದೇ ಥರ ಕೊನೆಯವರೆಗೂ ಸರಿಯಾಗಿದ್ದರೆ ಆ ಒಂದು ತೋಟೆ ಹೇಗೋ ಆಗಿಹೋಯಿತು ಎನ್ನಬಹುದು ಎಂದು ಒಳಗೊಳಗೇ ಇಬ್ಬರಿಗೂ ಅನ್ನಿಸಿತ್ತೆಂದು ಕಾಣುತ್ತದೆ. ಅವರು ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು.

ಮೂವತ್ತನಾಲ್ಕನೆಯದನ್ನು ಬಡಿದರು. ಗುಂಡು ಬಂತು. ತಟ್ಟೆಗೆ ಸುರಿದರು. ಏನೂ ಬೀಳಲಿಲ್ಲ. ಸುತ್ತಿಗೆಯ ತಲೆಯನ್ನು ತಟ್ಟಿದರು. ತೋಟೆಯೊಳಗೆ ಟಾರ್ಚು ಬಿಟ್ಟು ನೋಡಿದರು, ನನಗೂ ತೋರಿಸಿದರು. ನಾನು ಹುಣಸೆಹುಳಿಯಲ್ಲಿ ಬೆಳಗಿದ ಹಿತ್ತಾಳೆ ಒಳಗೆ ಹಾಗೇ ಹೊಳೆಯುತ್ತಿತ್ತು.

ನಾನು ಪೆನ್ಸಿಲ್ ಹಿಡಿದು ಕೂತಿದ್ದೆ.

'ಬರ್ಕೋ,' ಎಂದರು. 'ಸೊನ್ನೆ.'

ಬರೆದುಕೊಂಡೆ.

ಐವತ್ತೆರಡನೆಯದೂ ಸೊನ್ನೆ. ಅರವತ್ತೊಂದನೆಯದರಲ್ಲಿ ಎರಡರಷ್ಟು ಇತ್ತು; ತಟ್ಟೆಯಲ್ಲಿ ಸುರಿದ ಕೂಡಲೇ ಕಣ್ಣಿಗೇ ತಿಳಿಯಿತು, ತೂಗಲೇ ಬೇಕಿರಲಿಲ್ಲ. ಆದರೂ ತೂಗಿ ಅಂಕಿ ಹೇಳಿದರು. ಒಂದಕ್ಕೆ ಹಾಕದೆ ಬಿಟ್ಟು ಪಕ್ಕದ್ದಕ್ಕೆ ಎರಡು ಸಲ ಹಾಕಿದ್ದಾರೆ. ಆಮೇಲೆ ಟಾರ್ಚು ಬಿಟ್ಟು ನೋಡುವುದನ್ನೂ ಮರೆತಿದ್ದಾರೆ. ಅಥವಾ ನೋಡಿಯೂ ಕಂಡಿಲ್ಲ. ಬೊಟ್ಟಿಗೂ ಇದಕ್ಕೂ ಸಂಬಂಧವಿರಲಿಲ್ಲ. ಎಪ್ಪತ್ತೊಂಬತ್ತನ್ನೂ ಮುಗಿಸಿದರು. ಮಧ್ಯದಲ್ಲಿ ನಿಲ್ಲಿಸೋಣವೇ ಎಂದು ಕೇಳಿದ್ದಕ್ಕೆ, 'ಅರ್ಧಕ್ಕೆ ಬಿಟ್ರೆ ಅದು ಟೆಸ್ಟಲ್ಲ,' ಎಂದರು.

ಮುಗಿದಾಗ ಎರಡು ಗಂಟೆ ದಾಟಿತ್ತು. ಮೇಜಿನ ಮೇಲೆ ಒಂದು ಕಡೆ ಗುಂಡುಗಳ ರಾಶಿ, ಒಂದು ಕಡೆ ತೋಟೆಗಳು, ಜಾಮಿನ ಬಾಟಲಿಯಲ್ಲಿ ಮದ್ದು. ಅವರು ಕಾರ್ಡುಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು, ಯಾರದೋ ರಕ್ತದ ವರದಿ ಓದುವ ಹಾಗೆ.

'ಬೊಟ್ಟಿನ ವಿಷಯ ಯಾವಾಗ ನೆನಪಾಯ್ತು ನಿನಗೆ?' ಎಂದರು.

'ಭಾನುವಾರ.'

'ಹೂಂ.'

ಕಾರ್ಡುಗಳ ಅಂಚು ಸರಿಮಾಡಿ ಮೇಜಿನ ಮೇಲಿಟ್ಟರು.

'ಪೊಲೀಸಿನೋರಿಗೆ ನಾನು ಫೋನ್ ಮಾಡ್ಲಾ?' ಎಂದೆ.

'ಸರ್ಟಿಫಿಕೇಟು ನನ್ನ ಹೆಸರಲ್ಲಿದೆ. ನಾನೇ ಮಾಡ್ತೀನಿ.'

ಕೆಳಗೆ ಬಂದು, ಫೋನಿನ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಮಾಡಿದರು. ಲೈಸೆನ್ಸಿನ ಆಫೀಸಿನವರು ಬಹಳ ಹೊತ್ತು ಕಾಯಿಸಿದರು. ಅವರು ತಮ್ಮ ಮನೆತನದ ಹೆಸರನ್ನು ಎಂದಿನಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ರೈಫಲ್ಲನ್ನೂ ಸರ್ಟಿಫಿಕೇಟನ್ನೂ ಒಪ್ಪಿಸಬೇಕೆಂದಿದ್ದೇನೆ ಎಂದರು. ಅತ್ತ ಕಡೆಯವರು ಕಾರಣ ಕೇಳಿರಬೇಕು. 'ರಿಟೈರ್ಮೆಂಟ್,' ಎಂದರು. ಮುಂದಿನ ಮಂಗಳವಾರ ಒಬ್ಬರು ಬರುತ್ತಾರೆಂದು ಗೊತ್ತಾಯಿತು. ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಿದರು. ಆಮೇಲೆ ಬಸ್ ಡ್ರೈವರಿಗೆ ಫೋನ್ ಮಾಡಿ ಪ್ರೆಸ್ಸು ನೀನು ತಗೊಂಡು ಹೋಗು ಎಂದರು. ಅವನೇನೋ ತಮಾಷೆ ಮಾಡಿರಬೇಕು. ಇವರು ನಕ್ಕರು, ನಕ್ಕ ಹಾಗೆ ಸದ್ದು ಮಾಡಿದರು.

ನಾನು ಮೇಲೆ ಹೋಗಿ ಸಾಣೇಕಲ್ಲು ತಂದು ತೊಳೆದಿಟ್ಟೆ. ಕೋಣೆಯ ಕಾರ್ಪೆಟ್ಟಿನ ಮೇಲೆ ಮದ್ದಿನ ಚೂರುಗಳು ಬಿದ್ದಿದ್ದವು. ವ್ಯಾಕ್ಯೂಮ್ ಹಾಕಬೇಡ, ಕಿಡಿ ಹಾರುತ್ತದೆ ಎಂದು ಕೆಳಗಿನಿಂದಲೇ ಕೂಗಿದರು. ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆದೆ. ಮೊಣಕಾಲು ನೋಯಿತು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಹಾಗೇ ಕೂತು ನೋಡಿದೆ. ಬರಲಿಲ್ಲ. ಎದ್ದು ಕಿಟಕಿ ಮುಚ್ಚಿದೆ.

ಸಂಜೆ ನಾಲ್ಕಕ್ಕೆ ಅವರು ಶೂ ಹಾಕಿಕೊಂಡರು. 'ಎಲ್ಲಿಗೆ?' ಎಂದರೆ, 'ವಾಕಿಂಗು. ಕೈಗಿಲ್ದಿದ್ರೆ ಕಾಲಿಗಾದ್ರೂ ಇರ್ಲಿ,' ಎಂದರು. ನಾನೂ ಕೋಟು ಹಾಕಿಕೊಂಡೆ. 'ನೀನ್ಯಾಕೆ?' ಎಂದರು. 'ಬೀನ್ಸ್ ತರ್ಬೇಕು,' ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಬೀನ್ಸಿಗಾಗಿ ಅಲ್ಲ, ದಾರಿಗಾಗಿ ಎಂದು ಅವರಿಗೆ ಗೊತ್ತಾಯಿತು. ಬಾಗಿಲು ಹಿಡಿದು ನಿಂತರು. ಊರಂಚಿನ ಹೀತ್ ಬಯಲಿನವರೆಗೂ ಹೋಗಿ ಬಂದೆವು. ತಿರುವಿನಲ್ಲಿ ಒಂದು ಕಡೆ ಅವರು ಎಡಕ್ಕೋ ಬಲಕ್ಕೋ ಎಂದು ನಿಂತಾಗ ನಾನು ಮೊದಲು ತಿರುಗಲಿಲ್ಲ. ಚೀಲ ಸರಿಮಾಡಿಕೊಳ್ಳುತ್ತ ಕಾದೆ. ಅವರೇ ಬಲಕ್ಕೆ ತಿರುಗಿದರು. ಅದು ಸರಿಯಾದ ದಾರಿ.

ಆರೂವರೆಗೆ ಊಟ ಮಾಡಿದೆವು. ಅನ್ನ, ಪಾಲಕ್ಕಿನ ಮಸ್ಸೊಪ್ಪು, ಬೀನ್ಸ್ ಪಲ್ಯ, ಮೊಸರು. ಅವರು ಮಸ್ಸೊಪ್ಪು ಎರಡನೆಯ ಸಲ ಹಾಕಿಸಿಕೊಂಡರು. ಮೊದಲು ಮಲಗಿದ್ದು ಅವರು. ನಾನು ಅಕ್ಕಿ ತೊಳೆದು ದೋಸೆಗೆ ನೆನೆಹಾಕಿ ಆಮೇಲೆ ಮಲಗಿದೆ.